ಮೂರೂ ಕಾಯಿಲ್ ಬಿಚ್ಚಿದ ಮೇಲೆ

ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು, ಆದರೆ ಎಂಜಿನ್ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ.

ರಾಮಕೃಷ್ಣನಗರದ ನಮ್ಮ ಶೆಡ್ಡಿಗೆ ಷಡಕ್ಷರಿಯವರು ಗಡಗಡ ನಡುಗುವ ಪುಟ್ಟ ಕಾರು ತಂದರು.

"ತುಂಬು ಬಸುರಿ ಮಗಳನ್ನ ಇದ್ರಲ್ಲೇ ಆಸ್ಪತ್ರೆಗೆ ಕರ್ಕೊಂಡ್ ಹೋಗ್ಬೇಕು ಕಣೋ. ಕಂಪ್ಯೂಟರ್ ಹಾಕಿ ನೋಡಿದೋರೇ ಏನೂ ಇಲ್ಲ ಅಂದ್ಬುಟ್ರು, ನಿನಗೇನ್ ಗೊತ್ತಾಗುತ್ತೆ?"

ಮೈ ಉರಿಯಿತು. ಎಂಜಿನ್ ಓಡುತ್ತಿರುವಾಗಲೇ ಒಂದೊಂದು ಸಿಲಿಂಡರಿಗೂ ಕಿಡಿ ತಪ್ಪಿಸಿ ನೋಡುವುದು ನಮ್ಮ ಪದ್ಧತಿ. ಯಾವುದನ್ನು ತಪ್ಪಿಸಿದರೆ ನಡುಕ ಹೆಚ್ಚುವುದಿಲ್ಲವೋ ಅದೇ ಕೆಟ್ಟದ್ದು.

ಮೊದಲನೇ ಸಿಲಿಂಡರಿಗೆ ಕಿಡಿ ಕೊಡುವ ಕಾಯಿಲ್ ಬಿಚ್ಚಿದೆ. ನಡುಕ ಕಡಿಮೆಯಾಯಿತು. ಎರಡನೆಯದು ಬಿಚ್ಚಿದೆ, ಇನ್ನೂ ಕಡಿಮೆಯಾಯಿತು. ಇದ್ದದ್ದೇ ಮೂರು ಸಿಲಿಂಡರ್. ಕೊನೆಯದನ್ನೂ ಬಿಚ್ಚಿದರೆ ಎಂಜಿನ್ ನಿಲ್ಲಲೇಬೇಕು. ನಿಲ್ಲಲಿಲ್ಲ. ನುಣ್ಣಗೆ ಓಡತೊಡಗಿತು. ಸೈಲೆನ್ಸರ್ ಮುಟ್ಟಿದೆ. ಮಟಮಟ ಮಧ್ಯಾಹ್ನದಲ್ಲೂ ನೀರಿನ ಗಡಿಗೆಯಷ್ಟು ತಣ್ಣಗಿತ್ತು.

"ಸಾರ್, ಇದನ್ನ ಓಡಿಸ್ಬೇಡಿ."

"ಸರಿಹೋಯ್ತಲ್ಲೋ, ಬಾನೆಟ್ ಮುಚ್ಚು," ಎಂದು ಷಡಕ್ಷರಿಯವರು ಹೊರಟೇಬಿಟ್ಟರು. ಏನು ಕಾರಣ ಹೇಳಿ ತಡೆಯಬೇಕಿತ್ತೆಂದು ಇವತ್ತಿಗೂ ಯೋಚಿಸುತ್ತೇನೆ.

ಮಗಳು ಆ ಕಾರಿನಲ್ಲೇ ಹೆರಿಗೆಗೆ ಹೋಗಿ, ಕೂಸಿನ ಜೊತೆ ಅದರಲ್ಲೇ ಮನೆಗೆ ಬಂದಳಂತೆ. ದಾರಿಯಲ್ಲಿ ಒಂದಿಷ್ಟೂ ಅಲುಗಲಿಲ್ಲವಂತೆ. ಕಾಯಿಲ್ ಮೂರೂ ನನ್ನ ಮೇಜಿನ ಮೇಲೇ ಇವೆ.