ಎರಡನೇ ಗೇರ್ ಇಲ್ಲದ ಕಾರು

"ಅದು ಮಾರೋದಲ್ಲ."

ಇಷ್ಟು ಹೇಳಿ ಗಂಗರತ್ನ ಮತ್ತೆ ತಲೆ ತಗ್ಗಿಸಿದಳು. ಸೀಮೆಎಣ್ಣೆ ಡಬ್ಬದಲ್ಲಿ ಹಳೇ ಬೇರಿಂಗ್ ತೊಳೆಯುವ ಕೆಲಸ ಅರ್ಧಕ್ಕೆ ನಿಂತಿತ್ತು.

ಎದುರಿಗಿದ್ದವನು ಮಾತ್ರ ಹೋಗಲಿಲ್ಲ. ಕರ್ಚೀಫು ಬಿಚ್ಚಿ ಅಂಗಡಿಯ ಮುಂದಿನ ಹಲಗೆಯ ಮೇಲಿಟ್ಟ. ಒಳಗೆ ಗೇರಿನ ಮುರಿದ ಹಲ್ಲುಗಳಿದ್ದವು.

"ಎರಡನೇ ಗೇರು ಓಯ್ತು ಕಣಮ್ಮ. ಕೋಲಾರದಲ್ಲೂ ಸಿಗ್ಲಿಲ್ಲ, ಬೆಂಗ್ಳೂರಲ್ಲೂ ಸಿಗ್ಲಿಲ್ಲ. ನಿಮ್ ಹಿತ್ಲಲ್ಲಿ ಟಾರ್ಪಾಲ್ ಹೊದ್ಕೊಂಡು ನಿಂತಿರೋದು ಇದೇ ಜಾತಿ ಕಾರು. ಮೂತಿ ನೋಡಿದ್ರೇ ಗೊತ್ತಾಯ್ತದೆ."

"ಗೊತ್ತಾದ್ರೆ ಆಗ್ಲಿ. ಮಾರೋದಲ್ಲ ಅಂದ್ನಲ್ಲ."

"ಯಾಕೆ?"

ಅವಳು ಕತ್ತೆತ್ತಿದಳು. ಎಣ್ಣೆಗೈ, ಕೆದರಿದ ಕೂದಲು, ಎಷ್ಟೋ ಕಾಲದಿಂದ ನಿದ್ದೆ ಕಾಣದ ಕಣ್ಣುಗಳು. ಆ ಕಣ್ಣು ನೋಡಿದ ಮೇಲೆ ಅವನಿಗೆ ಚೌಕಾಸಿಯ ಮಾತೇ ಮರೆತುಹೋಯಿತು.

"ಕಪ್ಪು ದಾರ ಕಾಣಿಸ್ಲಿಲ್ವ ನಿಮ್ಗೆ?"

ಈಗ ಕಂಡಿತು. ಟಾರ್ಪಾಲಿನಿಂದ ಹೊರಗೆ ಇಣುಕುತ್ತಿದ್ದ ಬಾಗಿಲಿನ ಹಿಡಿಗೆ ಕಪ್ಪು ದಾರ ಸುತ್ತಿತ್ತು. ಅವನು ಮೆಲ್ಲಗೆ ಕರ್ಚೀಫು ಮಡಚಿಕೊಂಡ.

ಇದು ಐವತ್ತೆಂಟನೇ ಇಸವಿಯ ಮಾತು. ಕೋಲಾರದ ಚಿನ್ನದ ಗಣಿಗಳ ಊರಾದ ರಾಬರ್ಟ್‌ಸನ್‌ಪೇಟೆಯ ಹಳೇ ಸಾಮಾನಿನ ಅಂಗಡಿಗಳ ಸಾಲಿನಲ್ಲಿ ಒಂದು ಕಟ್ಟಳೆಯಿತ್ತು. ಜೀವ ತೆಗೆದುಕೊಂಡ ಕಾರು ಬಂದರೆ ಅದಕ್ಕೆ ಕಪ್ಪು ದಾರ ಕಟ್ಟುವುದು. ಸತ್ತವನ ಮನೆಯ ಹೆಂಗಸು ತನ್ನ ಕೈಯಾರೆ ಆ ದಾರ ತೆಗೆಯುವ ತನಕ ಅದರ ಒಂದು ನಟ್ಟು ಕೂಡ ಇನ್ನೊಂದು ಕಾರಿಗೆ ಹೋಗುವಂತಿಲ್ಲ. ಎಂಥ ಜಿಪುಣ ವ್ಯಾಪಾರಿಯೂ ಇದನ್ನು ಮೀರುತ್ತಿರಲಿಲ್ಲ.

ಹಿತ್ತಲಿನ ಕಾರು ಟ್ಯಾಕ್ಸಿ ಓಡಿಸುತ್ತಿದ್ದ ಗಂಗರತ್ನಳ ಗಂಡ ಪೆರುಮಾಳನದು. ಪ್ಯಾಸೆಂಜರಿಗೆ ಮದ್ರಾಸ್ ಮೇಲ್ ರೈಲು ಹಿಡಿಸಲು ಜೋರಾಗಿ ಹೊರಟವನು ಬಂಗಾರಪೇಟೆ ರಸ್ತೆಯ ಹುಣಸೇಮರದ ತಿರುವಿನಲ್ಲಿ ಗಾಬರಿಯಾಗಿ ಬ್ರೇಕ್ ತುಳಿದಿದ್ದ. ಕಾರು ಜಾರಿ ಮರಕ್ಕೆ ಬಡಿಯಿತು. ಮನೆಯಲ್ಲಿ ಇವಳು ಸಾರು ಬಿಸಿ ಮಾಡಿಕೊಂಡು ಕಾಯುತ್ತಿದ್ದಳು...

ಅಪ್ಪನ ಅಂಗಡಿಗೆ ವಾಪಸು ಬಂದ ಮೇಲೆ ಅವಳು ಒಂದೇ ಒಂದು ನಿರ್ಧಾರ ಮಾಡಿದ್ದಳು. ಇನ್ನು ಯಾವ ಡ್ರೈವರನಿಗೂ ಕಾಯುವುದಿಲ್ಲ. ಕಾದು ಕಾದು ಅವಳಿಗೆ ಸಾಕಾಗಿತ್ತು.

"ಯಾವನ್ಲಾ ಅದು, ಗೇರ್ ಹಲ್ಲು ಉದುರಿಸ್ಕೊಂಡು ಬಂದೋನು?" ಒಳಗಿನಿಂದ ಮುನಿಶಾಮಿಯ ದನಿ ಬಂತು. ಅವಳಪ್ಪ ಒಂದು ಕಾಲದಲ್ಲಿ ಗಣಿಯ ಡಾಕ್ಟರ ಕಾರು ಓಡಿಸಿದವನು. ಈಗ ಮಂಡಿ ಎರಡೂ ಹೋಗಿ ಗೋಡೆ ಹಿಡಿದು ನಡೆಯುತ್ತಿದ್ದ.

"ನಾನಣ್ಣ, ಶ್ರೀನಿವಾಸ. ಕಾಮಸಮುದ್ರದ ಕಡೆಯೋನು. ಬಂಗಾರಪೇಟೆ ಸ್ಟೇಷನ್ನಾಗೆ ಟ್ಯಾಕ್ಸಿ ಓಡಿಸ್ತೀನಿ."

"ಓಡಿಸ್ತೀಯೋ, ಒಡಿಸ್ಕೊತೀಯೋ? ಗೇರು ತಾನಾಗೇ ಮುರಿಯಲ್ಲ ಕಣ್ಲಾ. ಕಾಲು ನೆಟ್ಟಗಿಲ್ದಿದ್ರೆ ಮುರೀತದೆ."

ಶ್ರೀನಿವಾಸ ತಲೆ ಕೆರೆದುಕೊಂಡ. ಸಂಕ್ರಾಂತಿ ಕಳೆದ ಮೇಲೆ ಗಣಿಯ ಮಣ್ಣು ಸುರಿದು ಬೆಳೆದ ಸೈನೈಡ್ ದಿಬ್ಬದ ಕೆಳಗಿನ ಮೈದಾನದಲ್ಲಿ ಗಣಿ ಕ್ಲಬ್ಬಿನವರು ಕಾರ್ ರೇಸ್ ಇಟ್ಟಿದ್ದರು. ಸ್ಟೇಷನ್ನಿನ ಡ್ರೈವರುಗಳೆಲ್ಲ ಇವನನ್ನು 'ಎತ್ತಿನ ಗಾಡಿ' ಎಂದೇ ಕರೆಯುತ್ತಿದ್ದರು. ಒಮ್ಮೆ ಅವರ ಬಾಯಿ ಮುಚ್ಚಿಸಬೇಕೆಂದು ಇವನು ಹೆಸರು ಕೊಟ್ಟಿದ್ದ. ಅಭ್ಯಾಸ ಮಾಡಲು ಹೋಗಿ ಗೇರು ಮುರಿದುಕೊಂಡಿದ್ದ.

"ಕಲಿಸ್ಕೊಡಣ್ಣ," ಎಂದ.

"ನನ್ ಮಂಡಿ ಎಲ್ಲಿ ಮಡಚ್ತದೆ? ಹಿಂದಿನ ಸೀಟಲ್ಲಿ ಕಾಲು ಚಾಚಿ ಮಲಗ್ತೀನಿ. ಮುಂದೆ ನನ್ ಮಗಳು ಕೂತ್ಕೊತಾಳೆ. ನಂಗೆ ಬರೋದೆಲ್ಲ ಅವ್ಳಿಗೆ ಬತ್ತದೆ."

"ಅಪ್ಪಾ, ನನ್ ಕೈಲಾಗಲ್ಲ," ಎಂದಳು ಗಂಗರತ್ನ.

"ಆಗಲ್ಲ ಅಂತ ಅಂಗಡೀಲೇ ತುಕ್ಕು ಹಿಡೀತೀಯಾ? ಬೆಳಿಗ್ಗೆ ಒಂದ್ ಗಾಳಿ ಕುಡ್ಕೊಂಡು ಬರಣ ನಡಿ."

ಅಪ್ಪನ ಜೊತೆ ಜಗಳವಾಡಲೂ ಅವಳಲ್ಲಿ ಕಸುವಿರಲಿಲ್ಲ. ಹೂಂ ಎಂದುಬಿಟ್ಟಳು.

ಹಾಗೆ ಶುರುವಾಯಿತು ಬೇತಮಂಗಲದ ರಸ್ತೆಯ ಪಾಠ. ಬೆಳಗಿನ ಹೊತ್ತು, ಎರಡನೇ ಗೇರೇ ಇಲ್ಲದ ಶ್ರೀನಿವಾಸನ ಕಾರು. ಮೂರರಿಂದ ನೇರ ಒಂದಕ್ಕೆ ಇಳಿಯಬೇಕು. ಸ್ವಲ್ಪ ತಪ್ಪಿದರೂ ಗೇರ್‌ಬಾಕ್ಸು ಕಿರ್ರೆಂದು ಚೀರುತ್ತಿತ್ತು.

"ಕ್ಲಚ್ ಒತ್ತಿ, ಗೇರಿಂದ ಆಚೆ ತನ್ನಿ," ಗಂಗರತ್ನ ಹೇಳಿಕೊಡುತ್ತಿದ್ದಳು. "ಕ್ಲಚ್ ಬಿಡಿ. ಈಗ ಆಕ್ಸಲರೇಟರ್ ಒಂದ್ಸಲ ತುಳೀರಿ... ಇಂಜಿನ್ ಮೇಲಕ್ಕೆ ಬರ್ಲಿ. ಮತ್ತೆ ಕ್ಲಚ್ಚು, ಆಮೇಲೆ ಗೇರು. ಕೈಯಲ್ಲಿ ತಳ್ಳಬೇಡಿ. ಕಿವೀಲಿ ಕೇಳಿಸ್ಕೊಳ್ಳಿ. ಹೊತ್ತು ಬಂದಾಗ ಅದೇ ಕೂತ್ಕೊತದೆ."

ಅವನು ಮಾಡಿದ. ಕಿರ್ರೆಂದಿತು.

"ಎದ್ದೆ ಕಣ್ಲಾ!" ಹಿಂದಿನಿಂದ ಮುನಿಶಾಮಿ. "ಡಾಕ್ಟರು ರಾತ್ರಿಯೆಲ್ಲ ಆಪ್ರೇಷನ್ ಮಾಡಿ ಬಂದು ಹಿಂಗೇ ಹಿಂದಿನ ಸೀಟಲ್ಲಿ ಮಲಗೋನು. ಅವ್ನಿಗೆ ಒಂದಿನಾನೂ ಎಚ್ಚರ ಮಾಡ್ದೋನಲ್ಲ ನಾನು. ಜೋರಾಗಿ ಓಡ್ಸೋದು ದೊಡ್ಡದಲ್ಲ. ಜೋರಾಗಿ ಓಡ್ಸಿದ್ರೂ ಮಲ್ಗಿರೋನು ಏಳಬಾರ್ದು. ಅದು ಡ್ರೈವಿಂಗು."

ಕೆರೆ ಏರಿಯ ತಿರುವಿನಲ್ಲಿ ಶ್ರೀನಿವಾಸನ ಕಾಲು ತಾನಾಗಿ ಬ್ರೇಕಿನತ್ತ ಹೋಯಿತು.

"ಬ್ಯಾಡ!"

ಅವಳ ದನಿ ಎಷ್ಟು ಜೋರಾಗಿ ಬಂತೆಂದರೆ ಅವನು ಕಾರನ್ನೇ ನಿಲ್ಲಿಸಿಬಿಟ್ಟ.

"ಬ್ರೇಕು ನೆಟ್ಟಗಿರೋ ದಾರೀಲೇ ಮುಗೀಬೇಕು," ಎಂದಳು ಕೊನೆಗೆ, ಕಿಟಕಿಯತ್ತ ಮುಖ ಮಾಡಿ. "ತಿರುವಲ್ಲಿ ಬರೀ ಸ್ಟೇರಿಂಗು. ಕಣ್ಣು ಮರದ ಮೇಲಿಕ್ಕಬೇಡಿ. ದಾರಿ ಎಲ್ಲಿ ಓಯ್ತದೋ ಅಲ್ಲಿ ಇಕ್ಕಿ. ಮರ ನೋಡಿದ್ರೆ ಮರಕ್ಕೇ ಓಯ್ತದೆ ಕಾರು."

ಸ್ಟೇಷನ್ನಿನಲ್ಲಿ ಪೆರುಮಾಳನ ಕಥೆ ಗೊತ್ತಿಲ್ಲದವರಾರು? ಶ್ರೀನಿವಾಸ ಕಾರು ಹಿಂದಕ್ಕೆ ತಂದು ಅದೇ ತಿರುವನ್ನು ಮತ್ತೆ ಹಾದ. ಮತ್ತೆ ಮತ್ತೆ ಹಾದ. ಬೇಸರವೆಂಬುದೇ ಇಲ್ಲದ ಪ್ರಾಣಿ ಎಂದುಕೊಂಡಳು ಗಂಗರತ್ನ.

ದಿನ ಕಳೆದಂತೆ ಗೇರು ಚೀರುವುದು ಕಡಿಮೆಯಾಯಿತು. ಶ್ರೀನಿವಾಸ ಬೇತಮಂಗಲದಲ್ಲಿ ಹುರಿಗಡಲೆ ತಂದು ಮೊದಲು ಅವಳ ಕೈಗೆ ಹಾಕುತ್ತಿದ್ದ. ಅವಳು ಬೇಡವೆನ್ನುವುದನ್ನು ಯಾವಾಗ ಬಿಟ್ಟಳೋ ಅವಳಿಗೇ ನೆನಪಿಲ್ಲ.

ಒಂದು ಮುಂಜಾನೆ ಗಂಗರತ್ನ ಕಣ್ಣು ಬಿಟ್ಟಾಗ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಕಾರು ಓಡುತ್ತಲೇ ಇತ್ತು.

"ಇದೆಲ್ಲಿ?" ಎಂದಳು ಗಾಬರಿಯಿಂದ.

"ಇನ್ನೊಂದ್ಸಲ ಬೇತಮಂಗ್ಲ. ಓಗಿ, ತಿರುಗಿ, ಮತ್ತೆ ಓಯ್ತಾ ಇದೀವಿ."

"ಯಾಕೆ?"

"ನೀವು ಮಲಗಿದ್ರಿ."

ಹಿಂದಿನ ಸೀಟಿನಲ್ಲಿ ಅಪ್ಪ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದ. ಗಂಗರತ್ನ ನೆಟ್ಟಗೆ ಎದ್ದು ಕೂತಳು. ಪೆರುಮಾಳ್ ಹೋದ ಮೇಲೆ ಮನೆಯ ಚಾಪೆಯ ಮೇಲೂ ನೆಮ್ಮದಿಯಾಗಿ ಮಲಗದವಳು ತಾನು. ಈ ಮನುಷ್ಯ ಓಡಿಸುವ ಕಾರಿನಲ್ಲಿ ನಿದ್ದೆ ಹೋದೆನೇ? ಆ ತಿರುವುಗಳಲ್ಲೇ?

'ಬೇಡ ಮನಸೇ... ಇವನೂ ಡ್ರೈವರೇ,' ಎಂದು ತನಗೆ ತಾನೇ ಹೇಳಿಕೊಂಡಳು. ಮನಸ್ಸು ಕೇಳಬೇಕಲ್ಲ.

ರೇಸಿನ ಹಿಂದಿನ ದಿನ ಅವಳು ರೈಲ್ವೆ ಪಾರ್ಸೆಲ್ ಬಿಡಿಸಿಕೊಳ್ಳಲು ಬಂಗಾರಪೇಟೆಗೆ ಹೋಗಿದ್ದಳು. ವಾಪಸು ಬಂದಾಗ ಪಕ್ಕದ ಟೀ ಅಂಗಡಿಯ ಅಮ್ಮಾಜಮ್ಮ ಕೂಗಿ ಕರೆದಳು.

"ಏನೇ ಗಂಗಾ, ಕೊನೆಗೂ ಕೊಟ್ಬಿಟ್ರಾ ನಿನ್ ಗಂಡನ ಕಾರಿನ ಸಾಮಾನ್ನ? ಆ ಕಾಮಸಮುದ್ರದ ಹುಡ್ಗ ಗೋಣಿ ಬಟ್ಟೆ ಸುತ್ಕೊಂಡು ಎತ್ಕೊಂಡೋದ."

ಗಂಗರತ್ನ ಹಿತ್ತಲಿಗೆ ಓಡಿದಳು. ಟಾರ್ಪಾಲು ಸರಿದಿತ್ತು. ಕಾರಿನ ಕೆಳಗೆ ಹೊಸದಾಗಿ ಸುರಿದ ಗೇರ್ ಎಣ್ಣೆ ಇನ್ನೂ ಇಂಗಿರಲಿಲ್ಲ.

"ಅಪ್ಪಾ..."

"ಕೊಟ್ಟೆ ಕಣಮ್ಮ." ಮುನಿಶಾಮಿ ಅವಳ ಮುಖ ನೋಡಲಿಲ್ಲ. "ವೆಲ್ಡಿಂಗ್ ಮುನಿನಾರಾಯಣಪ್ಪನ ಕೈಲಿ ಬಿಚ್ಚಿಸ್ದೆ. ಎರಡನೇ ಗೇರು ಕೊಟ್ಬಿಟ್ಟೆ. ನಾಳೆ ರೇಸಲ್ವಾ?"

"ದಾರ ತೆಗ್ಯೋದು ನಾನು. ನನ್ನ ಕೇಳಿದ್ರಾ?"

"ಕೇಳಿದ್ರೆ ನೀನು ಕೊಡ್ತಿದ್ಯಾ?"

"ಅವ್ನು ಕೇಳಿದ್ನಾ?"

"ಕೇಳಿದ್ರೇನು, ನಾನಾಗಿ ಕೊಟ್ರೇನು... ಎರಡೂ ಒಂದೇ."

ಎರಡೂ ಒಂದೇ ಅಲ್ಲ. ಮುನಿಶಾಮಿಗೂ ಅದು ಗೊತ್ತಿತ್ತು. ಆದರೂ ಗೋಡೆ ಹಿಡಿದು ಒಳಗೆ ನಡೆದುಬಿಟ್ಟ.

ಗಂಗರತ್ನ ಕಾರಿಗೆ ಒರಗಿ ನೆಲದ ಮೇಲೆ ಕುಳಿತಳು. ಹುರಿಗಡಲೆ... ಬೇತಮಂಗಲದ ಸುತ್ತು... 'ನೀವು ಮಲಗಿದ್ರಿ'... ಎಲ್ಲ ಒಂದು ಗೇರಿಗಾಗಿಯೇ? ಮೊದಲ ದಿನ ಹಲಗೆಯ ಮುಂದೆ ನಿಂತು ಕೇಳಿದ್ದು ಸಿಗಲಿಲ್ಲವೆಂದು ಸುತ್ತು ಬಳಸಿ ಬಂದನೇ? ಅಳಬೇಕೆನಿಸಿತು. ಅಳುವುದಕ್ಕೂ ದಣಿವು ಅಡ್ಡ ಬಂತು.

ಅದಕ್ಕಿಂತ ಕೆಟ್ಟ ಯೋಚನೆ ಬೆಳಗಿನ ಜಾವ ಬಂತು. ಪೆರುಮಾಳನನ್ನು ತಿಂದ ಕಾರಿನ ಗೇರು ಇವತ್ತು ಇವನ ಕಾರಿನಲ್ಲಿ ತಿರುಗುತ್ತದೆ. ದಾರವನ್ನು ತಾನು ತೆಗೆದಿಲ್ಲ. ಇವನಿಗೇನಾದರೂ ಆದರೆ?

ಸೆರಗು ಹೊದ್ದು ಮೈದಾನಕ್ಕೆ ಹೊರಟಳು.

ಸೈನೈಡ್ ದಿಬ್ಬದ ಕೆಳಗೆ ಜನ ಸೇರಿದ್ದರು. ಅವಳು ಹೋಗುವಷ್ಟರಲ್ಲಿ ಕಾರುಗಳು ಹೊರಟಾಗಿತ್ತು. ಜನರ ನೂಕುನುಗ್ಗಲಿನಲ್ಲಿ ಜಾಗ ಸಿಗದೆ ದೂರದ ತಿರುವಿನ ಬಳಿ ನಿಂತಳು. ಬಿಳಿ ಧೂಳು ಎದ್ದು ಯಾವ ಕಾರೂ ಕಾಣುತ್ತಿರಲಿಲ್ಲ. ಕಣ್ಣು ಮುಚ್ಚಿ ಕಿವಿಗೊಟ್ಟಳು.

ಒಂದು ಬಂತು, ಇನ್ನೊಂದು ಬಂತು. ಆಮೇಲೆ ಅವನ ಇಂಜಿನ್ನು. ಅದರ ದನಿ ಸಾವಿರದಲ್ಲೂ ಗುರುತು ಸಿಗುತ್ತಿತ್ತು ಅವಳಿಗೆ.

ನೇರ ದಾರಿಯಲ್ಲೇ ಬ್ರೇಕು. ಮೂರನೇ ಗೇರು ಬಿಟ್ಟ. ಈಗ ಎರಡಕ್ಕೆ ಬೀಳಬೇಕು...

ಬೀಳಲಿಲ್ಲ.

ಇಂಜಿನ್ನು ಒಮ್ಮೆ ಮೇಲೆದ್ದು ಕೂಗಿತು, ಕಾರು ಇನ್ನೂ ನಿಧಾನವಾಯಿತು, ನೇರ ಒಂದಕ್ಕೆ ಇಳಿಯಿತು. ಚೀರದೆ, ಮೆತ್ತಗೆ. ಅಷ್ಟರಲ್ಲಿ ಎರಡು ಕಾರುಗಳು ಅವನನ್ನು ಹಿಂದೆ ಹಾಕಿದ್ದವು.

ಗಂಗರತ್ನ ಕಣ್ಣು ಬಿಟ್ಟಳು. ಮುಂದಿನ ಸುತ್ತಿಗೂ ಹಾಗೆಯೇ, ಅದರ ಮುಂದಿನದಕ್ಕೂ ಹಾಗೆಯೇ. ಅವನ ಕಾರಿಗೆ ಎರಡನೇ ಗೇರೇ ಇಲ್ಲ. ಅವನು ಹಾಕಿಯೇ ಇಲ್ಲ.

ಜನ "ಎತ್ತಿನ ಗಾಡಿ, ಎತ್ತಿನ ಗಾಡಿ" ಎಂದು ಕೂಗಿ ನಗುತ್ತಿದ್ದರು. ಎಲ್ಲರಿಗಿಂತ ಕೊನೆಗೆ ಬಂದ ಶ್ರೀನಿವಾಸ.

ಅವಳು ಹುಡುಕಿಕೊಂಡು ಹೋದಾಗ ಅವನು ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ ಮುಖ ತೊಳೆಯುತ್ತಿದ್ದ. ಇವಳನ್ನು ಕಂಡು ತಂಬಿಗೆ ಕೆಳಗಿಟ್ಟ.

"ಯಾಕೆ ಹಾಕ್ಲಿಲ್ಲ?" ನೇರ ಕೇಳಿದಳು.

ಅವನು ಡಿಕ್ಕಿ ತೆಗೆದು ಗೋಣಿ ಬಟ್ಟೆಯ ಗಂಟು ತಂದ. ಬಿಚ್ಚಿದ. ಗೇರು ಇತ್ತು, ಬಾಗಿಲ ಹಿಡಿಯಿಂದ ಬಿಚ್ಚಿ ಅದಕ್ಕೆ ಸುತ್ತಿದ್ದ ಕಪ್ಪು ದಾರವೂ ಇತ್ತು. ಮುನಿಶಾಮಿ ತನ್ನ ತಪ್ಪನ್ನು ಅಷ್ಟಾದರೂ ಹಗುರ ಮಾಡಿಕೊಳ್ಳಲು ಕಟ್ಟಿ ಕಳಿಸಿದ್ದ.

"ಅಣ್ಣ ತಾನಾಗೇ ಕೈಗಿಕ್ದ. ಬ್ಯಾಡ ಅಂದ್ರೆ ಬೇಜಾರು ಮಾಡ್ಕೊತಾನೆ ಅಂತ ತಗೊಂಡೆ. ಹಾಕೋಕೆ ಮನಸ್ಸು ಬರ್ಲಿಲ್ಲ. ನೀವು ಕೊಟ್ಟಿರ್ಲಿಲ್ವಲ್ಲ."

"ಹಾಕಿದ್ರೆ ಗೆಲ್ತಿದ್ರಿ."

"ಇರ್ಬೋದು. ಗೆದ್ದು ನಿಮ್ ಅಂಗಡಿ ಮುಂದೆ ಹೆಂಗೆ ನಿಲ್ಲೋದು? ಮೊದಲ್ನೇ ದಿನ ಗೇರಿಗೇ ಬಂದಿದ್ದು, ಸುಳ್ಳು ಹೇಳಲ್ಲ. ಆಮೇಲೆ ಬಂದಿದ್ದೆಲ್ಲ..." ಅವನು ನಿಲ್ಲಿಸಿದ. ಮಾತಿನಲ್ಲೂ ಅವನಿಗೆ ಎರಡನೇ ಗೇರು ಇರಲಿಲ್ಲ. "ನೀವಂದ್ರೆ ನಂಗೆ ಪ್ರಾಣ. ಅಣ್ಣನ್ನ ಕೇಳಿಲ್ಲ. ಮೊದ್ಲು ನಿಮ್ಮನ್ನೇ ಕೇಳಣ ಅಂತ."

ಗಂಗರತ್ನ ಕಾರಿನ ಬಾನೆಟ್ಟಿಗೆ ಒರಗಿದಳು.

"ನಮ್ ಜನದಲ್ಲಿ ಸೀರೆ ಉಡ್ಸಿ ಎರಡನೇ ಮದ್ವೆ ಮಾಡೋದು ಇದ್ದೇ ಐತೆ. ಅದಲ್ಲ ನನ್ ಭಯ. ಸಾರು ಬಿಸಿ ಮಾಡ್ಕೊಂಡು ಬಾಗ್ಲಲ್ಲಿ ಕೂತ್ಕೊಳ್ಳೋಕೆ ನನ್ ಕೈಲಿ ಇನ್ನಾಗಲ್ಲ. ನಂಗೆ ತುಂಬಾ ಸುಸ್ತಾಗೈತೆ ಶ್ರೀನಿವಾಸಪ್ಪನೋರೇ."

"ಕಾಯ್ಬೇಡಿ. ತಡ ಆದ್ರೆ ಮೇಲ್ ಓಗ್ಲಿ, ಪ್ಯಾಸೆಂಜರು ಬೈಕೊಳ್ಲಿ. ತಿರುವಲ್ಲಿ ನಾನು ಬ್ರೇಕ್ ತುಳ್ಯಲ್ಲ. ಇವತ್ತು ಅಷ್ಟು ಜನ ನಗ್ತಾ ಇದ್ರಲ್ಲ, ಆಗ್ಲೂ ತುಳೀಲಿಲ್ಲ. ನೀವು ನೋಡಿದ್ರೋ ಇಲ್ವೋ ಗೊತ್ತಿಲ್ಲ."

"ಕೇಳಿಸ್ಕೊಂಡೆ."

ಅವಳು ಗೇರನ್ನು ಎತ್ತಿಕೊಂಡಳು. ಪೆರುಮಾಳನ ನೆನಪು ಬಂತು, ನಗುವ ಮುಖವೇ ಬಂತು. ಒಂದು ಕ್ಷಣ ಗೇರನ್ನು ಎದೆಗೊತ್ತಿಕೊಂಡು ನಿಂತಳು. ಆಮೇಲೆ ದಾರದ ಗಂಟನ್ನು ಹಲ್ಲಿಗೆ ಕೊಟ್ಟು ಕಡಿದಳು. ದಾರ ಬಿಚ್ಚಿ ಬೇವಿನ ಬುಡಕ್ಕೆ ಹಾಕಿ, ಗೇರನ್ನು ಅವನ ಎರಡೂ ಕೈಯಲ್ಲಿಟ್ಟಳು.

"ತಗೊ. ನಾನು ಕೊಡ್ತಾ ಇದೀನಿ."

ಕೊನೆಯ ಸಲ ಅವಳು ಯಾರನ್ನಾದರೂ ಹೀಗೆ ಸಲಿಗೆಯಿಂದ 'ತಗೊ' ಎಂದದ್ದು ಯಾವಾಗಲೋ. ಅವನ ಕಣ್ಣು ತುಂಬಿತು. ಅವಳು ಅದನ್ನು ನೋಡಿಯೂ ನೋಡದವಳಂತೆ ಕಾರಿನ ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕುಳಿತಳು. ಜನ ನೋಡುತ್ತಿದ್ದರು. ನೋಡಿಕೊಳ್ಳಲಿ.

"ಎಲ್ಲಿಗೆ ಓಗಣ?" ಅವನು ಸ್ಟೇರಿಂಗ್ ಹಿಡಿದು ಕೇಳಿದ.

"ಬಂಗಾರಪೇಟೆ ರಸ್ತೆ."

"ಹುಣಸೇಮರದ..."

"ಹೂಂ. ಆ ದಾರೀಲೇ."

ಕಾರು ಹೊರಟಿತು. ಅವಳು ಚಪ್ಪಲಿ ಕಳಚಿ ಕಾಲು ಮಡಚಿಕೊಂಡು ತಲೆಯನ್ನು ಸೀಟಿಗೆ ಒರಗಿಸಿದಳು.

"ನಾನು ಸ್ವಲ್ಪ ಮಲಗ್ತೀನಿ. ಬಂಗಾರಪೇಟೆ ಬಂದ್ರೂ ಎಬ್ಬಿಸ್ಬ್ಯಾಡ."

"ಆಮೇಲೆ?"

"ತಿರುಗಿಸ್ಕೊಂಡು ಬಾ. ನಿಧಾನಕ್ಕೆ."

ಹುಣಸೇಮರ ಬರುವ ಮೊದಲೇ ಅವಳಿಗೆ ನಿದ್ದೆ ಹತ್ತಿತ್ತು.