ಗೋಪುರದ ಕಾಲು ಕತ್ತರಿಸಿದವನು

"ಯಾರ್ರೀ ಇದನ್ನ ಕತ್ತರಿಸಿದ್ದು?"

ಅವಳು ಕೂಗಿದ ರಭಸಕ್ಕೆ ಜೊಂಡಿನ ನಡುವಿದ್ದ ನೀರುಕೋಳಿಗಳು ಪುರ್ರೆಂದು ಹಾರಿದವು. ಕೆಲಸದವರು ಮುಖ ಮುಖ ನೋಡಿಕೊಂಡರು. ನೆಲದ ಮೇಲೆ ಎರಡೆರಡು ಅಡಿಯ ಆರು ಮರದ ತುಂಡುಗಳು. ಪಕ್ಕದಲ್ಲಿ ಎಂಜಿನಿಯರಾದ ಅವಳೇ ನಕ್ಷೆ ಬರೆದ ಪಕ್ಷಿವೀಕ್ಷಣಾ ಗೋಪುರದ ಆರು ಕಂಬಗಳು, ಅಷ್ಟಷ್ಟು ಗಿಡ್ಡವಾಗಿ!

"ನಾನೇ ಮೇಡಂ," ಎಂದ ಬಡಗಿ, ಗರಗಸ ಕೆಳಗಿಡುತ್ತಾ.

ಅವನು! ಬೇರೆ ಯಾರಾದರೂ ಆಗಿದ್ದರೆ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ. ನಾಲ್ಕು ತಿಂಗಳು ಇಬ್ಬರೂ ಟಿಂಬರ್ ಡಿಪೋಗಳನ್ನು ಸುತ್ತಿ, ಒಂದೊಂದು ದಿಮ್ಮಿಯನ್ನೂ ತಟ್ಟಿ, ಮೂಸಿ ಆರಿಸಿದ್ದರು. ಅಂಟು ಬೇಡ, ವಿಷದ ಬಣ್ಣ ಬೇಡ, ಮೊಳೆಯ ಬದಲು ಮರದ ಗೂಟ. ಬೇಡವಾದ ದಿನ ಬಿಚ್ಚಿಕೊಂಡು ಹೋದರೆ ಜೌಗಿಗೆ ಗೊತ್ತೇ ಆಗಬಾರದು ಎನ್ನುವುದು ಅವಳ ಆಸೆ. ಅದನ್ನು ಕೇಳಿ ನಗದೆ ಇದ್ದವನು ಅವನೊಬ್ಬನೇ. ಆ ನಾಲ್ಕು ತಿಂಗಳಲ್ಲಿ ಅವಳ ಮನಸ್ಸು ಎತ್ತ ವಾಲಿತ್ತೆಂದು ಅವಳು ಯಾರಿಗೂ ಹೇಳಿರಲಿಲ್ಲ.

"ನನ್ನ ನಕ್ಷೆ ಅಂದ್ರೆ ನಿಮಗೆ ಅಷ್ಟು ಸದರನಾ?"

"ಮೂರು ಸಲ ಫೋನ್ ಮಾಡಿದೆ. ನೀವು ಎತ್ತಲಿಲ್ಲ."

ಎತ್ತಿರಲಿಲ್ಲ, ನಿಜ. ಹಿಂದಿನ ವಾರ ಅವನು 'ಈ ನಕ್ಷೆ ನೋಡೋಕೆ ಚೆಂದ ಇದೆ, ನಿಲ್ಲೋಕೆ ಕಷ್ಟ' ಎಂದದ್ದಕ್ಕೆ ಮೂಗಿನ ತುದಿಗೆ ಬಂದ ಕೋಪ ಇನ್ನೂ ಅಲ್ಲೇ ಕೂತಿತ್ತು.

"ಫೋನ್ ಎತ್ತದಿದ್ರೆ ಕಾಲು ಕತ್ತರಿಸಿಬಿಡೋದಾ?"

"ಒಂದ್ನಿಮಿಷ ಬನ್ನಿ ಮೇಡಂ, ಆ ಜೊಂಡಿನ ಹತ್ರ ಒಂದು ತೋರಿಸ್ತೀನಿ..."

"ಏನೂ ತೋರಿಸ್ಬೇಡಿ!"

ಅಂದೇ ಜೌಗು ಸಂರಕ್ಷಣಾ ಸಮಿತಿಗೆ ಪತ್ರ ಹೋಯಿತು. ಈ ಬಡಗಿಯನ್ನು ಕೆಲಸದಿಂದ ತೆಗೆಯಿರಿ!

ವಿಷಯ ಕೇಳಿದ ಅಕ್ಕ ತಲೆ ಚಚ್ಚಿಕೊಂಡಳು. "ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತೇನೇ? ಸಮಿತಿಯವರಿಗೆ ಮೊದಲಿಂದ್ಲೂ ಕಬ್ಬಿಣದ ಗೋಪುರಾನೇ ಬೇಕು. ನೀನೇ ಹೋಗಿ ನೆಪ ಕೊಟ್ಟೆಯಲ್ಲ!"

ಅಕ್ಕ ಹೇಳಿದ್ದೇ ಆಯಿತು; ಸಮಿತಿ ಕೆಲಸ ನಿಲ್ಲಿಸಿ ಸಭೆ ಕರೆಯಿತು. ಇನ್ನು ಹತ್ತೇ ದಿನಕ್ಕೆ ವಲಸೆ ಹಕ್ಕಿಗಳು ಬರುತ್ತವೆ. ಆಮೇಲೆ ಅಲ್ಲಿ ಸುತ್ತಿಗೆಯ ಸದ್ದೂ ಆಗುವಂತಿಲ್ಲ. ಅಷ್ಟರೊಳಗೆ ಗೋಪುರ ಏಳದಿದ್ದರೆ ಮುಂದಿನ ವರ್ಷ ಕಬ್ಬಿಣದ್ದೇ ಗತಿ. ಅವಳ ಮೊದಲ ಗೋಪುರ ಕಾಗದದಲ್ಲೇ ಸಾಯುತ್ತದೆ.

ಸೋಮವಾರದ ಸಭೆಯಲ್ಲಿ ಅಧ್ಯಕ್ಷರು ಬಡಗಿಯನ್ನು ನಿಲ್ಲಿಸಿ ಕೇಳಿದರು. "ಯಾಕಯ್ಯಾ ಕತ್ತರಿಸಿದೆ?"

ಅವನು ಒಮ್ಮೆ ಅವಳತ್ತ ನೋಡಿದ. ಏನೋ ಹೇಳಲು ಬಾಯಿ ತೆರೆದು ಮುಚ್ಚಿದ.

"ತಪ್ಪು ನಂದೇ ಸಾರ್."

"ನೋಡಿದ್ರಾ, ಮರದ ಕೆಲಸದ ಹಣೆಬರಹವೇ ಇಷ್ಟು! ಊಟ ಆದ್ಮೇಲೆ ಕಬ್ಬಿಣದ ಬಗ್ಗೆ ತೀರ್ಮಾನ ಮಾಡೋಣ," ಎಂದು ಅಧ್ಯಕ್ಷರು ಎದ್ದರು.

ಅವಳಿಗೆ ಗೆದ್ದ ಖುಷಿ ಆಗಬೇಕಿತ್ತು. ಆಗಿದ್ದು ಇನ್ನಷ್ಟು ಸಿಟ್ಟು. ಜಗಳಕ್ಕೆ ನಿಲ್ಲದೆ ಸೋತವನ ಮೇಲೆ ಸಿಟ್ಟು! ಏನು ತೋರಿಸಲು ಹೊರಟಿದ್ದ ಇವನು? ಬೂಟು ಹಾಕಿಕೊಂಡು ಕಚೇರಿಯ ಹಿಂದಿನ ಜೌಗಿಗೆ ಇಳಿದೇಬಿಟ್ಟಳು.

ಜೊಂಡಿನ ದಂಟುಗಳ ಮೇಲೆ ಬಸವನಹುಳುಗಳ ಗುಲಾಬಿ ಮೊಟ್ಟೆಗಳು ಗೊಂಚಲಾಗಿ ಒಣಗಿದ್ದವು. ಈ ಹುಳು ನೀರಿನಿಂದ ಮೇಲೆ ಹತ್ತಿಯೇ ಮೊಟ್ಟೆ ಇಡುತ್ತದೆಂದು ಅವಳಿಗೆ ಗೊತ್ತಿತ್ತು. ಆದರೆ ಅವು ಇದ್ದದ್ದು ಅವಳ ಎದೆಮಟ್ಟದಲ್ಲಿ! ಅವಳು ಗುರುತಿಸಿದ್ದ ನೀರಿನ ಮಟ್ಟ ಮೊಣಕಾಲಿನಷ್ಟೇ.

ತೂಬಿನ ಕಾವಲುಗಾರ ದಡದಲ್ಲಿ ಕೂತಿದ್ದ. "ಮಾಮಾ, ನಾನು ನೀರು ಅಳೆದ ದಿನ ತೂಬು ಮುಚ್ಚಿತ್ತು ತಾನೇ?"

"ಎಲ್ಲಮ್ಮಾ! ಕಳೆ ತೆಗೀಬೇಕು ಅಂತ ಆವಾಗಿಂದ ತೆಗೆದೇ ಇದೆ. ಈ ವಾರ ಮುಚ್ತೀವಿ. ಎರಡಡಿ ನೀರು ಏರುತ್ತೆ."

ಕಡತದ ಅಳತೆ ನಂಬದೆ ತಾನೇ ಇಳಿದು ಅಳೆದವಳು, ಅದನ್ನೇ ಜಂಬವಾಗಿ ಹೇಳಿಕೊಂಡವಳು, ತೂಬಿನ ಕಡೆ ತಲೆ ಎತ್ತಿ ನೋಡಿರಲಿಲ್ಲ. ಅವಳ ನಕ್ಷೆಯಂತೆ ಕಟ್ಟಿದ್ದರೆ ಕಂಬದ ಕಾಲುಗಳು ವರ್ಷದಲ್ಲಿ ಅರ್ಧ ಕಾಲ ಒದ್ದೆ, ಅರ್ಧ ಕಾಲ ಒಣ. ನಾಲ್ಕೇ ವರ್ಷಕ್ಕೆ ಕೊಳೆಯುತ್ತಿದ್ದವು. ಮೇಲೆ ಶಾಲೆಯ ಮಕ್ಕಳು ನಿಂತಿರುವಾಗ...

ಅವನು ಎರಡಡಿ ಕತ್ತರಿಸಿ, ಜೌಗಿನಲ್ಲಿ ಕಂಬ ನಿಲ್ಲುವ ಅಡಿಗಲ್ಲುಗಳ ಮೇಲೆ ಅಷ್ಟೇ ಎತ್ತರದ ಕಲ್ಲುಗಳನ್ನು ಕೂರಿಸಿದ್ದ. ಅಳೆದು ನೋಡಿದಳು. ಗೋಪುರದ ತುದಿ ಅವಳು ಬರೆದ ಎತ್ತರದಲ್ಲೇ ನಿಲ್ಲುತ್ತಿತ್ತು, ಒಂದಿಂಚೂ ಹೆಚ್ಚುಕಮ್ಮಿ ಇಲ್ಲದೆ.

ಕೆಸರು ಬೂಟಿನಲ್ಲೇ ಅವಳು ಸಭೆಗೆ ನುಗ್ಗಿದಳು.

"ಸಾರ್, ಕಂಬ ಕತ್ತರಿಸಿದ್ದಕ್ಕೇ ಗೋಪುರ ಉಳಿದಿದೆ. ನೀರಿನ ಅಳತೆಯಲ್ಲಿ ತಪ್ಪಿದ್ದು ನಾನು. ಪತ್ರ ಬರೆದದ್ದೂ ತಪ್ಪು. ಬೇಕಾದ್ರೆ ನನ್ನನ್ನ ತೆಗೀರಿ, ಇವರನ್ನ ಇಟ್ಕೊಳ್ಳಿ. ಕಲ್ಲು ಕೂತಾಗಿದೆ, ಹಕ್ಕಿ ಬರೋದ್ರೊಳಗೆ ಇವರು ಎಬ್ಬಿಸ್ತಾರೆ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಬೇರೊಬ್ಬ ಹಿರಿಯ ಎಂಜಿನಿಯರ್ ನಕ್ಷೆ ತಿದ್ದಿ ಸಹಿ ಹಾಕಬೇಕು, ಫಲಕದ ಮೇಲೆ ಅವರದೇ ಹೆಸರು ಇರಬೇಕು, ಆಗ ಮರದ ಗೋಪುರಕ್ಕೆ ಒಪ್ಪಿಗೆ ಎಂದರು. ಅವಳು "ಆಗಲಿ" ಎಂದಳು.

ಹೊರಗೆ ಬಂದದ್ದೇ ತಡ, ಅವನ ಮೇಲೆ ಹರಿಹಾಯ್ದಳು.

"ಬಾಯಿಗೆ ಬೀಗ ಹಾಕ್ಕೊಂಡಿದ್ರಾ? ನಿಮ್ಮ ಮೌನದಿಂದ ನನ್ನ ಗೋಪುರಾನೇ ಹೋಗ್ತಿತ್ತು!"

"ಅಷ್ಟು ಜನರ ಮುಂದೆ ನೀವು ತಲೆ ತಗ್ಗಿಸೋದು ನನಗೆ ನೋಡೋಕಾಗಲ್ಲ."

"ನನ್ನ ತಪ್ಪು ಮುಚ್ಚಿಡೋ ಗಂಡಸು ನನಗೆ ಬೇಡ! ಮುಖದ ಮೇಲೆ ಹೇಳೋನು ಬೇಕು."

"ಹೇಳಿದ್ರೆ ನೀವು ಜಗಳ ಆಡಿ ಹೊರಟುಹೋಗ್ತೀರಲ್ಲ..." ಅವನ ದನಿ ಮೊದಲ ಸಲ ಏರಿತು. "ಅದೇ ನನಗೆ ಭಯ! ನಿಮ್ಮನ್ನ ಕಂಡ್ರೆ ನನಗೆ ಪ್ರಾಣ, ಮೇಡಂ!"

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಮೇಡಂ ಅಂತ ಕರೆದು ಪ್ರೀತಿ ಹೇಳೋರನ್ನ ಇವತ್ತೇ ನೋಡಿದ್ದು! ಕೇಳಿ. ನಾನು ಜಗಳ ಆಡ್ತೀನಿ, ಕೂಗಾಡ್ತೀನಿ. ಆದ್ರೆ ಇನ್ನು ನಿಮ್ಮನ್ನ ಬಿಟ್ಟು ಹೋಗಲ್ಲ. ನನಗೂ ನೀವು ಬೇಕು."

ಅವನು ಮೆಲ್ಲಗೆ ಕೇಳಿದ.

"ಹಾಗಾದ್ರೆ ಇನ್ನೊಂದು ಹೇಳ್ಲಾ?"

"ಹೇಳಿ."

"ನಿಮ್ಮ ಮೆಟ್ಟಿಲೂ ಸರಿ ಇಲ್ಲ. ಎತ್ತರ ಜಾಸ್ತಿ ಆಯ್ತು."

ಅವಳ ಕಣ್ಣು ಕೆಂಪಾಯಿತು. ಬಾಯಿ ತೆರೆದಳು... ಮುಚ್ಚಿದಳು. ಉಸಿರೆಳೆದುಕೊಂಡು ಅವನ ಕೈ ಹಿಡಿದಳು.

"ಎಷ್ಟು?"

"ಎರಡು ಬೆರಳು."

"ನಡೀರಿ. ತೋರಿಸಿ."