ಮಂಗಳವಾರ, ಗುರುವಾರದ ಎಂಟು ರೆಕಾರ್ಡಿಂಗ್

ಸೋಮವಾರದ ಮೀಟಿಂಗಿನಲ್ಲಿ, ಎಲ್ಲರೆದುರು, "ನಿಮ್ಮ ರೆಕಾರ್ಡಿಂಗೇ ಸರಿಯಿಲ್ಲ" ಎಂದುಬಿಟ್ಟೆ. ಆಮೇಲೆ ನಾಲಿಗೆ ಕಚ್ಚಿಕೊಂಡೆ. ಆಡಿದ ಮಾತು ಆಡಿಯಾಗಿತ್ತು.

ಅಂದದ್ದು ನಮ್ಮ ಲ್ಯಾಬಿನ ಸಹೋದ್ಯೋಗಿಗೆ. ಮಿದುಳಿನ ತೆಳು ಹೋಳಿನಲ್ಲಿ ಒಂದೇ ಒಂದು ನರಕೋಶವನ್ನು ಹುಡುಕಿ, ಕೂದಲಿಗಿಂತ ಸಣ್ಣ ಗಾಜಿನ ಸೂಜಿಯನ್ನು ಅದಕ್ಕೆ ತಾಗಿಸಿ, ಅದರ ವಿದ್ಯುತ್ ಮಿಡಿತವನ್ನು ರೆಕಾರ್ಡ್ ಮಾಡುತ್ತ, ಕೈ ಅಲುಗದಂತೆ ಗಂಟೆಗಟ್ಟಲೆ ಕೂರುವ ಮನುಷ್ಯ. ಲ್ಯಾಬಿನವರ ಬಾಯಲ್ಲಿ ಅವನು 'ಸೂಜಿ ಸಾಹೇಬ'. ತಾಳ್ಮೆ ಜಾಸ್ತಿ, ಮಾತು ಕಮ್ಮಿ. ನಾನು ಎರಡರಲ್ಲೂ ಉಲ್ಟಾ.

ನನ್ನ ಕೆಲಸ ಕಂಪ್ಯೂಟರಿನಲ್ಲಿ. ಎರಡು ನರಕೋಶಗಳು ಕೂಡುವ ಜಾಗಕ್ಕೆ ಕ್ಯಾಲ್ಸಿಯಂ ಬಂದರೆ ಎರಡು ಎಂಜೈಮ್‌ಗಳು ಎಚ್ಚರಗೊಳ್ಳುತ್ತವೆ. ಒಂದು ಆ ಕೊಂಡಿಯನ್ನು ಬಿಗಿ ಮಾಡುತ್ತದೆ, ಇನ್ನೊಂದು ಸಡಿಲ ಮಾಡುತ್ತದೆ. ಬಿಗಿಯಾದರೆ ನೆನಪು ಉಳಿಯಿತು, ಸಡಿಲವಾದರೆ ಹೋಯಿತು. ಈ ಜಗಳವನ್ನು ಸಮೀಕರಣಗಳಲ್ಲಿ ಬರೆದು, ಯಾರು ಗೆಲ್ಲುತ್ತಾರೆಂದು ಮೊದಲೇ ಹೇಳುವುದು ನನ್ನ ಮಾಡೆಲ್. ಎರಡು ವರ್ಷ ಅದಕ್ಕೇ ಕಣ್ಣು ಕೆಡಿಸಿಕೊಂಡಿದ್ದೇನೆ.

ಮಾಡೆಲ್ 'ಸಡಿಲ' ಎಂದ ಕಡೆ ಅವನ ಇಪ್ಪತ್ತು ರೆಕಾರ್ಡಿಂಗ್‌ಗಳಲ್ಲಿ ಎಂಟು 'ಬಿಗಿ' ಎಂದವು. ಲ್ಯಾಬಿನ ಮುಖ್ಯಸ್ಥೆ ಮೇಡಂ ಕನ್ನಡಕ ತೆಗೆದಿಟ್ಟು, "ಇಬ್ರಲ್ಲಿ ಒಬ್ರು ತಪ್ಪು. ಯಾರು ಅಂತ ಶುಕ್ರವಾರದೊಳಗೆ ಹೇಳಿ" ಎಂದರು. ಮಾಡೆಲ್ ತಪ್ಪಾದರೆ ಅದು ನಾವು ಬರೆಯುತ್ತಿದ್ದ ಸಂಶೋಧನಾ ಪೇಪರಿನಿಂದ ಹೊರಗೆ. ನನ್ನ ಕೆಲಸವೂ ಈ ತಿಂಗಳಿಗೆ ಮುಗಿದು, ನಾನು ಬೇರೆ ಊರು ನೋಡಿಕೊಳ್ಳಬೇಕು.

ಮನೆಯಲ್ಲಿ ಗೊಣಗಿದ್ದೇ ಗೊಣಗಿದ್ದು. ಅಕ್ಕ ಬಟ್ಟೆ ಮಡಿಸುತ್ತ ಕೇಳಿದಳು. "ಅಲ್ವೇ, ತಪ್ಪು ಅವನದು ಅಂತೀಯ. ಊಟ ಬಿಟ್ಟಿರೋದು ನೀನ್ಯಾಕೆ?"

"ಕೆಲಸದ ಚಿಂತೆ ಕಣೇ."

"ಹೂಂ ಹೂಂ. ಆ ಕೆಲಸಕ್ಕೆ ಗಡ್ಡ ಬೇರೆ ಇದೆ."

ನಾನು ಅವಳ ಮೇಲೆ ದಿಂಬು ಎಸೆದೆ.

ಗುರುವಾರ ಬೆಳಿಗ್ಗೆ ಮೇಡಂ ಕರೆದು, "ನಿನ್ನ ಮಾಡೆಲ್ ಉಳೀತು ಬಿಡು. ತಪ್ಪು ನಂದೇ, ಎಂಟನ್ನೂ ತೆಗೆದುಹಾಕಿ ಅಂತ ಅವನೇ ಬಂದು ಹೇಳಿದ" ಎಂದರು.

ಖುಷಿಪಡುವ ಬದಲು ಮೈಯೆಲ್ಲ ಉರಿಯಿತು. ಅವನ ಕೈ ತಪ್ಪುವುದಿಲ್ಲ, ಅದು ನನಗೆ ಗೊತ್ತು. ಮಂಗಳವಾರ, ಗುರುವಾರ ನಮ್ಮ ರೂಮಿನಲ್ಲಿ ಕ್ಲಾಸ್ ನಡೆಯುವುದರಿಂದ ಲ್ಯಾಪ್‌ಟಾಪ್ ಹೊತ್ತು ಅವನ ರೂಮಿಗೇ ಹೋಗಿ ಕೂರುತ್ತೇನೆ. ಸ್ಕ್ರೀನ್ ನೋಡಿದ್ದಕ್ಕಿಂತ ಆ ಕೈ ನೋಡಿದ್ದೇ ಹೆಚ್ಚು.

ಕಪಾಟಿನಿಂದ ಅವನ ನೋಟ್‌ಬುಕ್ ತೆಗೆದು ಆ ಎಂಟರ ತಾರೀಕು ನೋಡಿದೆ. ಮಂಗಳವಾರ. ಗುರುವಾರ. ಗುರುವಾರ. ಮಂಗಳವಾರ. ಎಂಟೂ ನಾನಿದ್ದ ದಿನಗಳೇ. ಉಳಿದ ಹನ್ನೆರಡು ಬೇರೆ ದಿನಗಳವು.

ನಾನಿದ್ದರೆ ಅಲ್ಲೇನು ಬದಲಾಗುತ್ತದೆ? ಮೊದಲ ದಿನ ನೆನಪಾಯಿತು. ಎಸಿ ಗಾಳಿಗೆ ಬೆರಳು ಮರಗಟ್ಟಿ, ಊದಿಕೊಳ್ಳುತ್ತ ಟೈಪ್ ಮಾಡಿದ್ದೆ. ಅವನು ಮೈಕ್ರೋಸ್ಕೋಪಿನಿಂದ ತಲೆಯೆತ್ತಿ ಒಮ್ಮೆ ನೋಡಿದ್ದ, ಅಷ್ಟೆ. ಆಮೇಲೆ ಅಲ್ಲಿ ನನಗೆ ಒಂದು ದಿನವೂ ಚಳಿಯಾಗಿರಲಿಲ್ಲ. ಎಸಿ ಕೆಟ್ಟಿದೆ ಎಂದುಕೊಂಡಿದ್ದೆ, ದಡ್ಡಿ.

ಮಿದುಳಿನ ಹೋಳನ್ನಿಟ್ಟ ದ್ರವ ಕೋಣೆಯಷ್ಟೇ ಬಿಸಿ ಇರುತ್ತದೆ. ಮಾಡೆಲಿನಲ್ಲಿ ನಾನು ಇಪ್ಪತ್ತನಾಲ್ಕು ಡಿಗ್ರಿ ಎಂದು ಹಾಕಿದ್ದೆ. ಎಸಿ ಇಲ್ಲದಿದ್ದರೆ ಅಲ್ಲಿ ಎಷ್ಟಿರಬಹುದೆಂದು ಅಂದಾಜಿಸಿ, ಅದನ್ನು ಇಪ್ಪತ್ತೊಂಬತ್ತು ಮಾಡಿದೆ. ಬಿಸಿಗೆ ಎರಡೂ ಎಂಜೈಮ್‌ಗಳು ಚುರುಕಾದವು, ಬಿಗಿ ಮಾಡುವುದು ಸ್ವಲ್ಪ ಹೆಚ್ಚೇ ಚುರುಕಾಯಿತು. ಗ್ರಾಫಿನಲ್ಲಿ ಆ ಎಂಟರ ಚುಕ್ಕಿಗಳೂ ಮಾಡೆಲಿನ ಗೆರೆಯ ಮೇಲೆ ಬಂದು ಕೂತವು.

ಲ್ಯಾಪ್‌ಟಾಪ್ ಎತ್ತಿಕೊಂಡು ಅವನ ರೂಮಿಗೆ ಓಡಿದೆ.

"ಎಸಿ ಯಾಕೆ ಆಫ್ ಮಾಡ್ತಿದ್ರಿ?"

ಅವನ ಕಿವಿ ಕೆಂಪಾಯಿತು. "ಯಾವ ಎಸಿ?"

"ಈ ರೂಮಲ್ಲಿ ಎಷ್ಟಿವೆ?"

ಅವನು ಸೂಜಿಯ ಡಬ್ಬಿಯನ್ನು ಅತ್ತ ಸರಿಸಿದ, ಮತ್ತೆ ಇತ್ತ ಸರಿಸಿದ. "ನಿಮ್ಗೆ ಚಳಿ ಆಗ್ತಿತ್ತು. ಒಂದೆರಡು ಡಿಗ್ರಿ ತಾನೇ ಅಂದ್ಕೊಂಡೆ. ಮೊನ್ನೆ ನೀವು ಬೈದ್ಮೇಲೆ ಅಳೆದು ನೋಡ್ದೆ. ಐದು."

"ಅದನ್ನ ಮೇಡಂಗೆ ಹೇಳೋಕೇನಾಗಿತ್ತು?"

"ಯಾಕೆ ಆಫ್ ಮಾಡ್ದೆ ಅಂತಾನೂ ಹೇಳ್ಬೇಕಲ್ಲ."

ನಾನು ಲ್ಯಾಪ್‌ಟಾಪ್ ಅವನತ್ತ ತಿರುಗಿಸಿದೆ. ಅವನು ಗ್ರಾಫನ್ನು ಬಹಳ ಹೊತ್ತು ನೋಡಿದ.

"ಅಂದ್ರೆ, ಕೊಟ್ಟ ಸಿಗ್ನಲ್ ಒಂದೇ. ನೀವಿಲ್ದಿದ್ದಾಗ ಕೊಂಡಿ ಸಡಿಲ, ನೀವಿದ್ದಾಗ ಬಿಗಿ."

"ಅದು ಉಷ್ಣತೆ."

"ಹೂಂ. ಉಷ್ಣತೆನೇ." ಅವನ ಕಣ್ಣು ಮಾತ್ರ ನಗುತ್ತಿತ್ತು.

ಶುಕ್ರವಾರ, ಎಲ್ಲರೆದುರು ಆಡಿದ ಮಾತಿಗೆ ಎಲ್ಲರೆದುರೇ ಕ್ಷಮೆ ಕೇಳಿದೆ. ಮಾಡೆಲೂ ಸರಿ, ರೆಕಾರ್ಡಿಂಗೂ ಸರಿ, ಬದಲಾಗಿದ್ದು ಕೋಣೆ ಎಂದೆ. ಮೇಡಂ ಗ್ರಾಫನ್ನು ಎರಡು ಸಲ ನೋಡಿದರು. "ಚೆನ್ನಾಗಿದೆ. ಆದ್ರೆ ಎಸಿ ಆಫ್ ಮಾಡಿದ್ಯಾರು? ಯಾಕೆ?"

ಮಾತು ಕಮ್ಮಿಯ ಮನುಷ್ಯ ಎದ್ದು ನಿಂತ.

"ನಾನೇ ಮೇಡಂ. ಇವ್ರು ಚಳೀಲಿ ಕೂತಿರೋದನ್ನ ನನ್ನಿಂದ ನೋಡೋಕಾಗ್ಲಿಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಮೇಡಂ ಕನ್ನಡಕ ಹಾಕಿಕೊಂಡು, "ಪೇಪರಲ್ಲಿ 'ಕೋಣೆಯ ಉಷ್ಣತೆ ಬದಲಾಗಿತ್ತು' ಅಂತ ಬರೀರಿ. ಉಳಿದದ್ದು ಪೇಪರಿಗೆ ಬೇಡ" ಎಂದರು.

ಮುಂದಿನ ಮಂಗಳವಾರ ಎಸಿ ಹಾಕಿಯೇ ಇತ್ತು, ಪ್ರಯೋಗಕ್ಕೆ ಅದು ಬೇಕಿತ್ತು. ನಾನು ಸ್ವೆಟರ್ ಹಾಕಿಕೊಂಡು ಹೋಗಿದ್ದೆ. ಅವತ್ತಿನ ರೆಕಾರ್ಡಿಂಗ್ ಮುಗಿದು ಅವನು ಸೂಜಿ ತೆಗೆದಿಡುವವರೆಗೂ ಕಾದೆ.

"ನಾನೊಂದು ಹೇಳ್ಬೇಕು," ಎಂದೆ. "ನಮ್ಮ ರೂಮಲ್ಲಿ ಕ್ಲಾಸ್ ನಡೆಯೋದು ಬರೀ ಒಂದು ಗಂಟೆ."

ಅವನು ಯೋಚಿಸಿದ. "ನೀವು ಸಂಜೇವರೆಗೂ ಇಲ್ಲೇ ಇರ್ತಿದ್ರಲ್ಲ?"

"ಹೌದು. ಇರ್ತಿದ್ದೆ."

ಅರ್ಥವಾಗಲು ಅವನಿಗೆ ಕೊಂಚ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, ನನ್ನ ತಣ್ಣನೆಯ ಬೆರಳುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಗಾಜಿನ ಸೂಜಿ ಹಿಡಿದಾಗ ಒಮ್ಮೆಯೂ ಅಲುಗದ ಆ ಕೈಗಳು ಈಗ ನಡುಗುತ್ತಿದ್ದವು.

"ಚಳಿನಾ?" ಎಂದೆ.

"ಅಲ್ಲ," ಎಂದ.